ಪ್ಲಾಂಟೆಡ್ ಅಕ್ವೇರಿಯಂಗೆ ಲೈಟು ಆರಿಸುವುದು ಹೇಗೆ: ಕಾರವಾರದ ಉಪ್ಪುಗಾಳಿಗೂ ಶಿರಸಿಯ ಮಳೆಗೂ ಹೊಂದುವ ಸಮಗ್ರ ಮಾರ್ಗದರ್ಶಿ

ಅಕ್ವೇರಿಯಂನಲ್ಲಿ ಗಿಡ ಬೆಳೆಸಬೇಕು ಅಂತ ಹೊರಟವರು ಮೊದಲು ಕೇಳುವುದು, "ಯಾವ ಲೈಟು ತಗೊಳ್ಳಲಿ?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಟ್ಯಾಂಕ್ ಎಲ್ಲಿಡುತ್ತೀರಿ, ಎಷ್ಟು ಆಳ, ಯಾವ ಗಿಡ, ಕಾರ್ಬನ್ ಡೈಆಕ್ಸೈಡ್ ಕೊಡುತ್ತೀರೋ ಇಲ್ಲವೋ, ವಾರಕ್ಕೊಮ್ಮೆ ನೀರು ಬದಲಿಸಲು ನಿಮಗೆ ಪುರುಸೊತ್ತು ಇದೆಯೋ ಇಲ್ಲವೋ, ಇಷ್ಟು ಇತ್ಯರ್ಥವಾದರೆ ಯಾವ ಲೈಟು ಅನ್ನುವುದು ಬಹುಪಾಲು ತಾನಾಗಿ ಗೊತ್ತಾಗುತ್ತದೆ.

ಬೆಳಕು ಹೆಚ್ಚಿದಷ್ಟೂ ಗಿಡ ವೇಗವಾಗಿ ಬೆಳೆಯಲು ಹೊರಡುತ್ತದೆ. ಆ ವೇಗಕ್ಕೆ ತಕ್ಕ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ನೀರಲ್ಲಿ ಇಲ್ಲದೇ ಹೋದರೆ ಗಿಡ ಸೊರಗುತ್ತದೆ, ಅದು ಬಳಸದೆ ಬಿಟ್ಟ ಬೆಳಕಿನಲ್ಲಿ ಪಾಚಿ ಕೊಬ್ಬುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪಾಚಿಗೆ ಬೇಸತ್ತು ಟ್ಯಾಂಕ್ ಖಾಲಿ ಮಾಡಿದವರ ಮನೆಗಳಲ್ಲಿ ಬೆಳಕು ಕಡಿಮೆಯಾಗಿದ್ದನ್ನು ನಾನು ಕಂಡಿದ್ದು ತೀರಾ ಅಪರೂಪ. ಹೆಚ್ಚಿನ ಕಡೆ ಆಗಿದ್ದು ಅತಿಯಾದ ಬೆಳಕು, ಇಲ್ಲವೇ ಹೊತ್ತುಗೊತ್ತಿಲ್ಲದ ಬೆಳಕು. ಹಾಗಾಗಿ ಈ ಬರಹದ ಉದ್ದಕ್ಕೂ ನನ್ನ ಒತ್ತು ಒಂದೇ ಕಡೆ: ನಿಮ್ಮ ಟ್ಯಾಂಕ್ ತಾಳಿಕೊಳ್ಳುವಷ್ಟೇ ಬೆಳಕು ಕೊಡಿ, ಅದನ್ನು ದಿನವೂ ಅದೇ ಹೊತ್ತಿಗೆ ಕೊಡಿ.

ಹೆಜ್ಜೆ 1: ಟ್ಯಾಂಕ್ ಇಡುವ ಜಾಗ

ಲೈಟಿನ ಲೆಕ್ಕ ಶುರುವಾಗುವುದು ಕಿಟಕಿಯಿಂದ. ಕಾರವಾರವೂ ಶಿರಸಿಯೂ ಉತ್ತರ ಅಕ್ಷಾಂಶ 14ರಿಂದ 15 ಡಿಗ್ರಿ ನಡುವೆ ಇವೆ. ನವೆಂಬರಿನಿಂದ ಫೆಬ್ರುವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳಗೆ ಸಾಕಷ್ಟು ದೂರ ಬರುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ನಡುವಿನವರೆಗೆ ತುಸು ಉತ್ತರಕ್ಕೇ ಇರುತ್ತಾನೆ. ಆದರೆ ಆಗ ಬಿಸಿಲು ಕಡಿದಾಗಿ ಬೀಳುವುದರಿಂದ ಸೂರು ಅದನ್ನು ತಡೆಯುತ್ತದೆ, ಜೂನ್ ನಂತರವಂತೂ ಮೋಡ. ಆದ್ದರಿಂದ ಉತ್ತರದ ಕಿಟಕಿ ಇರುವ ಕೋಣೆ ಟ್ಯಾಂಕಿಗೆ ಹೇಳಿಮಾಡಿಸಿದ ಜಾಗ. ಕಾರವಾರದಲ್ಲಿ ಸಮುದ್ರದ ಕಡೆಗೆ ತೆರೆದ ಪಡುವಣ ಕಿಟಕಿ ನೋಡಲು ಎಷ್ಟೇ ಚಂದವಿದ್ದರೂ ಅಲ್ಲಿ ಟ್ಯಾಂಕ್ ಬೇಡ. ಮಧ್ಯಾಹ್ನ ಮೂರರ ಮೇಲೆ ಬೀಳುವ ಬಿಸಿಲು ಗಾಜಿಗೆ ಪಾಚಿಯನ್ನೂ ನೀರಿಗೆ ಕಾವನ್ನೂ ಒಟ್ಟಿಗೇ ತರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಂಚಿನ ಮನೆಗಳಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಮಾಡಿನ ನಡುವೆ ಬೆಳಕಿಗೆಂದು ಹಾಕಿದ ಗಾಜಿನ ಹಂಚು ಇದೆಯಲ್ಲ, ಅದರಿಂದ ಇಳಿಯುವ ಬಿಸಿಲಿನ ಕೋಲು ದಿನವಿಡೀ ನೆಲದ ಮೇಲೆ ಸರಿಯುತ್ತಾ ಹೋಗುತ್ತದೆ, ತಿಂಗಳಿಂದ ತಿಂಗಳಿಗೆ ಅದರ ದಾರಿಯೂ ಬದಲಾಗುತ್ತದೆ. ಅಕ್ಟೋಬರಿನಲ್ಲಿ ಟ್ಯಾಂಕನ್ನು ಮುಟ್ಟದ ಕೋಲು ಜನವರಿಯಲ್ಲಿ ನೇರ ಅದರ ಮೇಲೆ ನಿಲ್ಲಬಹುದು. ದಿನಕ್ಕೆ ಅರ್ಧ ಗಂಟೆ ಅದು ಒಂದೇ ಕಡೆ ಬಿದ್ದರೂ ಗಾಜಿನ ಅಷ್ಟು ಭಾಗ ಮಾತ್ರ ಹಸಿರುಗಟ್ಟಿರುತ್ತದೆ, ಅಕ್ಕಪಕ್ಕ ಶುಭ್ರವಾಗಿರುತ್ತದೆ. ಇಂಥ ಪಟ್ಟೆ ಕಂಡರೆ ಲೈಟನ್ನು ದೂರಬೇಡಿ, ತಲೆಯೆತ್ತಿ ಮಾಡು ನೋಡಿ. ಜಗುಲಿಯ ಅಂಚೂ ಬೇಡ, ಆಷಾಢದ ಇರಚಲು ಲೈಟಿನ ಅಡಾಪ್ಟರ್‌ವರೆಗೂ ಬರುತ್ತದೆ.

ಹೆಜ್ಜೆ 2: ಗಿಡ ಯಾವುದು?

ಏಲಕ್ಕಿ ಅಡಿಕೆ ತೋಟದ ನೆರಳಲ್ಲಿ ಚೆನ್ನಾಗಿರುತ್ತದೆ, ಭತ್ತಕ್ಕೆ ಬಯಲೇ ಬೇಕು. ನೀರಿನ ಗಿಡಗಳಲ್ಲೂ ಈ ಎರಡು ಜಾತಿ ಇವೆ, ನಡುವೆ ಹೊಂದಿಕೊಳ್ಳುವ ಮೂರನೆಯದೂ ಇದೆ.

ಗಿಡಕ್ಕೆ ಉಪಯೋಗವಾಗುವ ಬೆಳಕನ್ನು ಪಾರ್ ಎನ್ನುತ್ತಾರೆ. 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬೀಳುತ್ತದೆ ಅನ್ನುವುದೇ ಅದರ ಅಳತೆ. ಮುಂದೆ ಇದನ್ನು ಬರೀ ಪಾರ್ ಅಂತಲೇ ಬರೆಯುತ್ತೇನೆ. ಬೇಸಿಗೆಯ ನಡುಮಧ್ಯಾಹ್ನ ಬಯಲಿನಲ್ಲಿ ಇದು 2000ದ ಆಸುಪಾಸು ಇರುತ್ತದೆ. ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆಲ ಮುಟ್ಟುವುದು ಅದರಲ್ಲಿ ನೂರಕ್ಕೆ ಒಂದೆರಡು ಪಾಲು, ಅಂದರೆ 20ರಿಂದ 40. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಲ್ಲಿ (ರಾಮಪತ್ರೆ ಮರಗಳ ಜೌಗು ಕಾಡುಗಳಲ್ಲಿ) ಲ್ಯಾಜಿನಾಂಡ್ರ ಗಿಡಗಳು ಕೆಸರಲ್ಲಿ ಬೇರುಬಿಟ್ಟು ಅಗಲ ಎಲೆ ಹರಡಿಕೊಂಡಿರುವುದು ಇಂಥ ಮಬ್ಬಿನಲ್ಲೇ. ಅಂಗಡಿಯಲ್ಲಿ ಸಿಗುವ ಅನುಬಿಯಾಸ್, ಜಾವಾ ಫರ್ನ್, ಬ್ಯೂಸಿಫಲಾಂಡ್ರ, ಜಾವಾ ಮಾಸ್, ಬಹುತೇಕ ಕ್ರಿಪ್ಟೊಕೊರೈನ್‌ಗಳು ಇದೇ ಸ್ವಭಾವದವು. ಟ್ಯಾಂಕಿನ ತಳದಲ್ಲಿ 15ರಿಂದ 30 ಪಾರ್ ಸಿಕ್ಕರೆ ಇವಕ್ಕೆ ಸಾಕು. (ಕಾಡಿನ ಹಳ್ಳದಿಂದ ಗಿಡ ಕಿತ್ತು ತರುವುದು ಮಾತ್ರ ಬೇಡ. ಮೀಸಲು ಅರಣ್ಯದಿಂದ ತರುವುದು ಕಾನೂನಿಗೆ ವಿರುದ್ಧ, ಮೇಲಾಗಿ ಆ ಜಡ್ಡಿಗಳು ಈಗ ಉಳಿದಿರುವುದೇ ಅಲ್ಲೊಂದು ಇಲ್ಲೊಂದು.)

ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ಅಮೆಜಾನ್ ಸ್ವೋರ್ಡ್, ಸಾಮಾನ್ಯ ಹಸಿರು ರೊಟಾಲಾ ಮಧ್ಯಮ ವರ್ಗದವು, ಇವಕ್ಕೆ 30ರಿಂದ 50. ನೆಲದ ಮೇಲೆ ಹಾಸಿಕೊಳ್ಳುವ ಕಾರ್ಪೆಟ್ ಗಿಡಗಳು, ಕಡುಕೆಂಪು ಬಣ್ಣದ ಕಾಂಡದ ಗಿಡಗಳು 50ರ ಮೇಲೆ ಕೇಳುತ್ತವೆ. ಪಶ್ಚಿಮ ಘಟ್ಟದ್ದೇ ಆದ ರೊಟಾಲಾ ಮ್ಯಾಕ್ರಾಂಡ್ರವನ್ನು ಜಗತ್ತಿನಾದ್ಯಂತ ಅಕ್ವೇರಿಯಂನವರು ಅದರ ಕೆಂಪಿಗಾಗಿ ಮೆಚ್ಚುತ್ತಾರೆ. ಅದು ನಮ್ಮ ಸೀಮೆಯದ್ದೆಂದು ಸುಲಭದ ಗಿಡ ಅಂದುಕೊಳ್ಳಬೇಡಿ, ಅದಕ್ಕೆ ಪ್ರಖರ ಬೆಳಕೂ ಕಾರ್ಬನ್ ಡೈಆಕ್ಸೈಡೂ ಎರಡೂ ಬೇಕು.

ಇಲ್ಲೇ ಒಂದು ಗೆರೆ ಎಳೆದುಕೊಳ್ಳಿ. ಸಿಲಿಂಡರ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಕೊಡುವ ಯೋಚನೆ ಇಲ್ಲದಿದ್ದರೆ 40 ಪಾರ್ ದಾಟಬೇಡಿ. ಮೊದಲ ಟ್ಯಾಂಕ್ ಆದರೆ ಎಲ್ಲವನ್ನೂ ಮೊದಲ ಗುಂಪಿನಿಂದಲೇ ಆರಿಸಿ. ಅಂಥ ಟ್ಯಾಂಕ್ ಬಡವಾಗಿ ಕಾಣುತ್ತದೆ ಅನ್ನುವುದು ಸುಳ್ಳು. ನಾಲ್ಕೈದು ಬಗೆಯ ಕ್ರಿಪ್ಟೊಕೊರೈನ್ ಒತ್ತಾಗಿ ನೆಟ್ಟು ಆರು ತಿಂಗಳು ಬಿಟ್ಟರೆ ಹಸಿರು, ಕಂದು, ತಾಮ್ರದ ಬಣ್ಣಗಳ ಹೊದರು ಎದ್ದು ನಿಲ್ಲುತ್ತದೆ. ನನ್ನ ಕಣ್ಣಿಗೆ ಅದಕ್ಕಿಂತ ಚಂದದ ಟ್ಯಾಂಕ್ ಇನ್ನೊಂದಿಲ್ಲ.

ಹೆಜ್ಜೆ 3: ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದು

ವ್ಯಾಟ್ ಅಂದರೆ ಲೈಟು ಎಳೆಯುವ ಕರೆಂಟಿನ ಲೆಕ್ಕ, ಕೊಡುವ ಬೆಳಕಿನದ್ದಲ್ಲ. ಟ್ಯೂಬ್‌ಲೈಟ್ ಕಾಲದ "ಲೀಟರಿಗೆ ಇಷ್ಟು ವ್ಯಾಟ್" ಸೂತ್ರ ಎಲ್‌ಇಡಿಗೆ ಹೊಂದುವುದಿಲ್ಲ. ಅಗ್ಗದ ಲೈಟುಗಳ ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ನಂಬುವಂಥದ್ದೂ ಅಲ್ಲ. ಅದನ್ನು ಪರೀಕ್ಷಿಸಲು ಅಂಗಡಿಯಲ್ಲೇ ಅಡಾಪ್ಟರ್ ತಿರುಗಿಸಿ ನೋಡಿ. ಔಟ್‌ಪುಟ್ 12 ವೋಲ್ಟ್, 1.5 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 18 ವ್ಯಾಟ್. ಪೆಟ್ಟಿಗೆಯ ಮೇಲೆ 36 ಅಂತ ಅಚ್ಚಾಗಿದ್ದರೂ ಆ ಲೈಟು 18ಕ್ಕಿಂತ ಹೆಚ್ಚು ಎಳೆಯಲಾರದು.

ಲ್ಯೂಮೆನ್ ಅಂದರೆ ಮನುಷ್ಯರ ಕಣ್ಣಿಗೆ ಕಾಣುವ ಬೆಳಕಿನ ಪ್ರಮಾಣ. ನಮ್ಮ ಕಣ್ಣು ಹಸಿರು-ಹಳದಿಗೆ ಹೆಚ್ಚು ಸ್ಪಂದಿಸುತ್ತದೆ, ಗಿಡದ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೆಚ್ಚು ಹೀರುತ್ತದೆ. ಹಾಗಿದ್ದರೂ ಬಿಳಿ ಎಲ್‌ಇಡಿಯ ಮಟ್ಟಿಗೆ ಲ್ಯೂಮೆನ್ ಒಳ್ಳೆಯ ಅಂದಾಜನ್ನೇ ಕೊಡುತ್ತದೆ, ಏಕೆಂದರೆ ಬಿಳಿಯಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಹಸಿರು ಬೆಳಕನ್ನೂ ಗಿಡ ಬಳಸಿಕೊಳ್ಳುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿರುವ ಆರ್‌ಜಿಬಿ ಲೈಟಿಗೆ ಮಾತ್ರ ಲ್ಯೂಮೆನ್ ಲೆಕ್ಕ ತಪ್ಪು ತೋರಿಸುತ್ತದೆ, ಅಲ್ಲಿ ತಯಾರಕರು ಕೊಟ್ಟ ಪಾರ್ ಅಂಕಿಯನ್ನೇ ನೋಡಬೇಕು.

ಬೆಳಕಿನ ಬಣ್ಣ ಹಳದಿಯತ್ತಲೋ ನೀಲಿಯತ್ತಲೋ ಎಂದು ಹೇಳುವ ಕೆಲ್ವಿನ್ ಅಂಕಿಯ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. 5000ದಿಂದ 7000ದ ನಡುವೆ ಯಾವುದಾದರೂ ನಡೆಯುತ್ತದೆ. ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೂಲ್ ಡೇಲೈಟ್ ಹೆಸರಿನಲ್ಲಿ ಸಿಗುವ 6500 ಕೆಲ್ವಿನ್ ಬೆಳಕು ಗಿಡಕ್ಕೂ ಸರಿ, ಕಣ್ಣಿಗೂ ಸರಿ. ಸಮುದ್ರದ ಹವಳಗಳಿಗೆಂದು ಮಾಡಿದ ಕಡುನೀಲಿ ಲೈಟನ್ನು ಸಿಹಿನೀರಿನ ಗಿಡಗಳ ಮೇಲೆ ಹಾಕಬೇಡಿ, ಹಸಿರೆಲ್ಲ ಸತ್ತಂತೆ ಕಾಣುತ್ತದೆ. ನರ್ಸರಿಯ ಗುಲಾಬಿ ಗ್ರೋ ಲೈಟಿನಲ್ಲಿ ಗಿಡವೇನೋ ಬೆಳೆಯುತ್ತದೆ, ಆದರೆ ಆ ಬಣ್ಣದಲ್ಲಿ ಟ್ಯಾಂಕ್ ಮುಂದೆ ಕೂತು ನೋಡುವ ಸುಖವಿಲ್ಲ.

ಸಿಆರ್‌ಐ ಎಂಬ ಇನ್ನೊಂದು ಅಂಕಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುತ್ತದೆ, ನೂರಕ್ಕೆ ಎಷ್ಟು ಹತ್ತಿರವೋ ಅಷ್ಟು ಸಹಜ. ಗಿಡದ ಬೆಳವಣಿಗೆಗೆ ಇದು ಮುಖ್ಯವಲ್ಲ. 80 ಇದ್ದರೆ ಸಾಕು, 90 ಇದ್ದರೆ ಮೀನಿನ ಮೈಯ ಕೆಂಪು ಎದ್ದು ಕಾಣುತ್ತದೆ.

ಹೆಜ್ಜೆ 4: ನಿಮ್ಮ ಟ್ಯಾಂಕಿನ ಲೆಕ್ಕ

ಒಂದು ಘನ ಅಡಿಗೆ ಸುಮಾರು 28 ಲೀಟರ್. ನಮ್ಮಲ್ಲಿ ಸಾಮಾನ್ಯವಾಗಿ ಮಾಡಿಸುವ ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ಟ್ಯಾಂಕ್ ಎರಡೂವರೆ ಘನ ಅಡಿ, ಅಂದರೆ 70 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ನೀರು 55 ಲೀಟರ್ ಇರಬಹುದು.

ಒಂದರಿಂದ ಒಂದೂವರೆ ಅಡಿ ಆಳದ ಟ್ಯಾಂಕಿಗೆ ನೆರಳಿನ ಗಿಡಗಳಾದರೆ ಲೀಟರಿಗೆ 15ರಿಂದ 20 ಲ್ಯೂಮೆನ್, ಮಧ್ಯಮಕ್ಕೆ 25ರಿಂದ 40, ಕಾರ್ಬನ್ ಡೈಆಕ್ಸೈಡ್ ಇರುವ ಪ್ರಖರ ಬೆಳಕಿನ ಟ್ಯಾಂಕಿಗೆ 40ರ ಮೇಲೆ. ಹಾಗಾದರೆ ಮೇಲಿನ ಟ್ಯಾಂಕಿಗೆ ನೆರಳಿನ ಗಿಡ ಇಟ್ಟರೆ 825ರಿಂದ 1100 ಲ್ಯೂಮೆನ್ ಸಾಕು. ಈಗಿನ ಎಲ್‌ಇಡಿಗಳು ವ್ಯಾಟಿಗೆ ಹತ್ತಿರಹತ್ತಿರ 100 ಲ್ಯೂಮೆನ್ ಕೊಡುವುದರಿಂದ ಅದು ಬರೀ 10 ವ್ಯಾಟಿನ ಕೆಲಸ. ಮಧ್ಯಮಕ್ಕೆ 1400ರಿಂದ 2200, ಅಂದರೆ 15ರಿಂದ 20 ವ್ಯಾಟ್. ಈ ಲೆಕ್ಕ ಅಂದಾಜಿನದ್ದು. ಒಂದೂವರೆ ಅಡಿಗಿಂತ ಆಳವಾದ ಟ್ಯಾಂಕಿನಲ್ಲಿ ತಳಕ್ಕೆ ತಲುಪುವ ಬೆಳಕು ಕಡಿಮೆ, ಅಲ್ಲಿ ಮೇಲಿನ ಅಂಕಿಯ ಕಡೆಗೆ ವಾಲಿ.

ಟ್ಯಾಂಕ್ ಇನ್ನೂ ಮಾಡಿಸಿಲ್ಲದಿದ್ದರೆ ನನ್ನ ಸಲಹೆ: ಎತ್ತರ ಒಂದೂಕಾಲು ಅಡಿಗೆ ನಿಲ್ಲಿಸಿ, ಆ ದುಡ್ಡಲ್ಲಿ ಅಗಲ ಹೆಚ್ಚಿಸಿ. ಆಳ ಕಡಿಮೆಯಿದ್ದರೆ ಅಗ್ಗದ ಲೈಟೂ ನೆಲ ಮುಟ್ಟುತ್ತದೆ, ಗಿಡ ನೆಡಲು ಕೈಯೂ ಎಟಕುತ್ತದೆ.

ಹೆಜ್ಜೆ 5: ಯಾವ ಬಗೆಯ ಲೈಟು ಕೊಳ್ಳುವುದು

ನೆರಳಿನ ಗಿಡಗಳ ಟ್ಯಾಂಕಿಗೆ ಮನೆಯಲ್ಲಿ ಹಾಕುವ, ಟ್ಯೂಬ್‌ಲೈಟಿನಂತೆ ಉದ್ದಗಿರುವ ಎಲ್‌ಇಡಿ ಬ್ಯಾಟನ್ ಧಾರಾಳ ಸಾಕು. ಎರಡಡಿಯ 10 ವ್ಯಾಟ್ ಬ್ಯಾಟನ್ ಎರಡಡಿಯ ಟ್ಯಾಂಕಿಗೆ ಅಳತೆಯಲ್ಲೂ ಬೆಳಕಲ್ಲೂ ಸರಿಹೊಂದುತ್ತದೆ. ನಾಲ್ಕಡಿಯ 20 ವ್ಯಾಟ್ ಬ್ಯಾಟನ್ ನಾಲ್ಕಡಿ ಟ್ಯಾಂಕಿಗೆ, ಒಂದರ ಪಕ್ಕ ಒಂದರಂತೆ ಎರಡು ಹಾಕಬೇಕಾದೀತು. ಕೆಟ್ಟರೆ ಹೊನ್ನಾವರದಲ್ಲೂ ಸಿಗುತ್ತದೆ, ಹಳಿಯಾಳದಲ್ಲೂ ಸಿಗುತ್ತದೆ, ಮರುದಿನವೇ ಬದಲಿಸಬಹುದು. ಊರಿನಲ್ಲಿ ಸಿಗುವ ಲೈಟಿಗೆ ಈ ಒಂದು ಕಾರಣಕ್ಕೇ ನಾನು ದೊಡ್ಡ ಬೆಲೆ ಕಟ್ಟುತ್ತೇನೆ.

ಒಂದಡಿಯ ಪುಟ್ಟ ಟ್ಯಾಂಕಿಗೆ ಓದುವ ಮೇಜಿನ ಬಗ್ಗಿಸುವ ದೀಪದಲ್ಲಿ 7 ಅಥವಾ 9 ವ್ಯಾಟಿನ ಬಿಳಿ ಬಲ್ಬ್ ಹಾಕಿ ಎತ್ತರ ಹೊಂದಿಸಿಕೊಂಡರೆ ಆಯಿತು.

ಮಧ್ಯಮ ಬೆಳಕಿಗೆ 20 ಅಥವಾ 30 ವ್ಯಾಟಿನ ಬಿಳಿ ಎಲ್‌ಇಡಿ ಫ್ಲಡ್ ಲೈಟ್ ಒಳ್ಳೆಯ ಆಯ್ಕೆ. ಹೊರಾಂಗಣಕ್ಕೆಂದೇ ಮಾಡಿದ್ದರಿಂದ ನೀರು ಒಳಹೋಗದಂತೆ ಮುಚ್ಚಿರುತ್ತದೆ, ಕಾರವಾರದ ಹವೆಗೂ ತಡೆಯುತ್ತದೆ. ಅದರ ಕೊರತೆಯೆಂದರೆ ಬೆಳಕು ಒಂದೇ ಬಿಂದುವಿನಿಂದ ಬರುವುದು: ನಡುವೆ ಪ್ರಖರ, ಮೂಲೆಗಳಲ್ಲಿ ಮಬ್ಬು. ಟ್ಯಾಂಕಿನಿಂದ ಒಂದಡಿ ಮೇಲೆ ತೂಗುಹಾಕಿದರೆ ಇದು ಬಹಳಷ್ಟು ಸರಿಹೋಗುತ್ತದೆ. ನೀರಿನ ಮೇಲ್ಮೈ ಅಲುಗಿದಾಗ ತಳದ ಮರಳಿನ ಮೇಲೆ ಬೆಳಕಿನ ಬಲೆ ಆಡುತ್ತದೆ, ಉದ್ದ ಪಟ್ಟಿಯ ಲೈಟುಗಳಲ್ಲಿ ಅದು ಸಿಗುವುದಿಲ್ಲ.

ಅಕ್ವೇರಿಯಂಗೆಂದೇ ಮಾಡಿದ ಲೈಟುಗಳಲ್ಲಿ ಚಿಹಿರೋಸ್, ಟ್ವಿನ್‌ಸ್ಟಾರ್‌ನಂಥ ಹೆಸರುಗಳನ್ನು ಕೇಳಿರುತ್ತೀರಿ. ಕೆಂಪು ಗಿಡ, ಕಾರ್ಪೆಟ್, ಸಿಲಿಂಡರ್ ಎಲ್ಲ ಇಟ್ಟು ಗಂಭೀರವಾಗಿ ಅಕ್ವಾಸ್ಕೇಪ್ (ನೀರೊಳಗಿನ ತೋಟದ ವಿನ್ಯಾಸ) ಮಾಡುವವರಿಗೆ ಇವು ತಕ್ಕವು, ಏಕೆಂದರೆ ಬೆಳಕನ್ನು ಏರಿಳಿಸುವ ಡಿಮ್ಮರ್, ಬೆಳಿಗ್ಗೆ ನಿಧಾನ ಹೊತ್ತಿಕೊಳ್ಳುವ ವ್ಯವಸ್ಥೆ, ಟ್ಯಾಂಕಿನ ಉದ್ದಕ್ಕೂ ಸಮನಾದ ಹರಡುವಿಕೆ ಇವುಗಳಲ್ಲಿ ಇರುತ್ತದೆ. ನಾಲ್ಕು ಅನುಬಿಯಾಸ್ ಇಡುವವರಿಗೆ ಇಂಥ ಲೈಟು ಕೊಳ್ಳಿ ಅಂತ ನಾನು ಹೇಳಲಾರೆ. ಕೊಂಡರೂ ಡಿಮ್ಮರ್ ಇರುವುದನ್ನೇ ಕೊಳ್ಳಿ.

ಹೆಜ್ಜೆ 6: ಫೋನಿನಲ್ಲಿ ಅಳತೆ

ಪಾರ್ ಮೀಟರ್ ದುಬಾರಿ, ಮನೆಬಳಕೆಗೆ ಬೇಕಿಲ್ಲ. ಫೋನಿಗೆ ಉಚಿತವಾಗಿ ಸಿಗುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ (ಲಕ್ಸ್ ಅಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್). ಟ್ಯಾಂಕಿಗೆ ನೀರು ತುಂಬುವ ಮೊದಲೇ ಲೈಟನ್ನು ಅದರ ಜಾಗದಲ್ಲಿಟ್ಟು, ಕೋಣೆಯ ಉಳಿದ ದೀಪ ಆರಿಸಿ, ಫೋನನ್ನು ತಳದಲ್ಲಿ ಪರದೆ ಮೇಲಾಗಿ ಮಲಗಿಸಿ. ಸಂವೇದಕ ಇರುವುದು ಪರದೆಯ ಮೇಲಂಚಿನ ಸೆಲ್ಫಿ ಕ್ಯಾಮೆರಾ ಹತ್ತಿರ, ಅದರ ಮೇಲೆ ನಿಮ್ಮ ತಲೆಯ ನೆರಳು ಬೀಳದಂತೆ ಓದಿಕೊಳ್ಳಿ. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ಒಟ್ಟು ಐದು ಕಡೆಯ ಅಂಕಿ ಬರೆದಿಡಿ.

ಬಿಳಿ ಎಲ್‌ಇಡಿಗೆ ಲಕ್ಸ್ ಅಂಕಿಯನ್ನು ಸುಮಾರು 67ರಿಂದ ಭಾಗಿಸಿದರೆ ಪಾರ್ ಸಿಗುತ್ತದೆ. 1000 ಲಕ್ಸ್ ಅಂದರೆ 15, 2000 ಅಂದರೆ 30, 3500 ಅಂದರೆ 50ರ ಹತ್ತಿರ. ಫೋನಿನಿಂದ ಫೋನಿಗೆ ಅಂಕಿ ಸಾಕಷ್ಟು ವ್ಯತ್ಯಾಸವಾಗುತ್ತದೆ, ಆದ್ದರಿಂದ 1900ವೋ 2100ವೋ ಅಂತ ಕೂದಲು ಸೀಳಬೇಡಿ. ನಿಮ್ಮ ಟ್ಯಾಂಕಿನ ನಡುವಿಗೂ ಮೂಲೆಗೂ ಎಷ್ಟು ಅಂತರ, ಲೈಟನ್ನು ಆರಿಂಚು ಎತ್ತಿದರೆ ಎಷ್ಟು ಇಳಿಯಿತು ಅನ್ನುವುದನ್ನು ಅದೇ ಫೋನು ಚೆನ್ನಾಗಿಯೇ ತೋರಿಸುತ್ತದೆ. ನಡುವೆ 2500, ಮೂಲೆಯಲ್ಲಿ 1000 ಬಂದರೆ ನಡುವೆ ಕಾಂಡದ ಗಿಡ, ಮೂಲೆಗೆ ಅನುಬಿಯಾಸ್ ನೆಡಿ. ಬೆಳಕಿನ ನಕ್ಷೆ ನೋಡಿ ಗಿಡ ನೆಟ್ಟರೆ ಇನ್ನೊಂದು ಲೈಟಿನ ಖರ್ಚು ಉಳಿಯುತ್ತದೆ.

ಬೆಳಕು ಹೆಚ್ಚೆನಿಸಿದರೆ ಲೈಟನ್ನು ಮೇಲೆತ್ತಿ, ಅದಕ್ಕಿಂತ ಸುಲಭದ ಉಪಾಯ ಇಲ್ಲ. ಹಳೇ ಮನೆಗಳಲ್ಲಿ ತೊಲೆಗೆ ಕೊಂಡಿ ಹೊಡೆದು ತಂತಿಯಲ್ಲಿ ತೂಗುಬಿಡಬಹುದು. ಆರ್‌ಸಿಸಿ ಮನೆಯಲ್ಲಿ ಗೋಡೆಗೆ ಕಿಟಕಿ ಪರದೆಯ ಬ್ರಾಕೆಟ್ ಸಾಕು.

ಹೆಜ್ಜೆ 7: ಉಪ್ಪು, ತೇವ, ಸಿಡಿಲು

ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದಲ್ಲಿ ಕಡಲಿಗೆ ಹತ್ತಿರದ ಮನೆಗಳಲ್ಲಿ ಲೈಟು ಸಾಯುವುದು ಸಾಮಾನ್ಯವಾಗಿ ಎಲ್‌ಇಡಿ ಸುಟ್ಟು ಅಲ್ಲ, ಬೆಸುಗೆಯ ಜಾಗಗಳು ತುಕ್ಕು ಹಿಡಿದು. ಮೊದಲು ಒಂದು ಸಾಲು ಮಿನುಗುತ್ತದೆ, ಆಮೇಲೆ ಆರುತ್ತದೆ. ಪಿನ್ನಿನ ಬಳಿ ಹಸಿರು ಹುಡಿ ಕಂಡರೆ ಅದು ತಾಮ್ರಕ್ಕೆ ಹಿಡಿದ ಕಿಲುಬು. ಕೊಳ್ಳುವಾಗ ಐಪಿ ಅಂಕಿ ಕೇಳಿ. ಐಪಿ 65 ಅಂದರೆ ದೂಳು ಒಳಹೋಗದು, ನೀರು ಚಿಮ್ಮಿದರೂ ತಡೆಯುತ್ತದೆ. ಐಪಿ 67 ಆದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯಬೇಕು. ಎಲ್‌ಇಡಿ ಮಣಿಗಳು ತೆರೆದೇ ಇರುವ ಲೈಟು ಕರಾವಳಿಗೆ ಬೇಡ. ಬ್ಯಾಟನ್ ಹಾಕುವುದಾದರೆ ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳ ಇರಲಿ, ಆವಿ ನೇರ ಬಡಿಯುವುದಿಲ್ಲ. ಮುಚ್ಚಳವನ್ನು ವಾರಕ್ಕೊಮ್ಮೆ ಒರೆಸಿ, ಬಿಳಿ ಕಲೆ ಕಟ್ಟಿದ ಗಾಜು ಬೆಳಕನ್ನು ಗಣನೀಯವಾಗಿ ತಿನ್ನುತ್ತದೆ.

ನೀರು, ಕರೆಂಟು ಒಟ್ಟಿಗಿರುವ ಜಾಗ ಇದು, ಆದ್ದರಿಂದ ಇಲ್ಲಿ ಉಳಿತಾಯ ಮಾಡಬೇಡಿ. ವೈರು ಪ್ಲಗ್‌ಗಿಂತ ಕೆಳಗೆ ಒಂದು ಸುತ್ತು ಜೋತುಬಿದ್ದು ಆಮೇಲೆ ಮೇಲೇರಿ ಸಾಕೆಟ್ ಸೇರಲಿ, ಆಗ ವೈರಿನ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸುವುದು ಮನೆಯ ಮಕ್ಕಳಿಗೂ ರೂಢಿಯಾಗಲಿ. ಘಟ್ಟದ ಮೇಲೆ ಮೇ ತಿಂಗಳ ಮುಂಗಾರುಪೂರ್ವ ಗುಡುಗು, ಅಕ್ಟೋಬರಿನ ಹಿಂಗಾರು ಗುಡುಗು ಅಡಾಪ್ಟರ್‌ಗಳನ್ನು ಬಲಿ ತೆಗೆದುಕೊಳ್ಳುತ್ತವೆ. ಸ್ಪೈಕ್ ಗಾರ್ಡ್ ಇರಲಿ. ಆಕಾಶ ಕಪ್ಪಾದಾಗ ಟಿವಿ ಪ್ಲಗ್ ಕೀಳುವಂತೆ ಲೈಟಿನ ಪ್ಲಗ್ಗನ್ನೂ ಕೀಳಿ. ಒಂದು ಸಂಜೆ ಬೆಳಕಿಲ್ಲದಿದ್ದರೆ ಗಿಡಕ್ಕೆ ಏನೂ ಆಗದು.

ಹೆಜ್ಜೆ 8: ಟೈಮರ್ ಮತ್ತು ಕೈಕೊಡುವ ಕರೆಂಟು

ಕೈಯಾರೆ ಸ್ವಿಚ್ ಹಾಕುವವರ ಟ್ಯಾಂಕಿಗೆ ಒಂದು ದಿನ ಐದು ಗಂಟೆ, ನೆಂಟರು ಬಂದ ದಿನ ಹನ್ನೊಂದು ಗಂಟೆ ಬೆಳಕು. ಹಾಗಾಗಿ ಟೈಮರ್ ಇರಲೇಬೇಕು. ಯಾವ ಟೈಮರ್ ಅನ್ನುವುದು ನಮ್ಮ ಕಡೆ ಮುಖ್ಯ. ಸುತ್ತಲೂ ಸಣ್ಣ ಹಲ್ಲುಗಳಿರುವ, ತಿರುಗುವ ಮುಖದ ಅಗ್ಗದ ಮೆಕ್ಯಾನಿಕಲ್ ಟೈಮರ್ ಕರೆಂಟಿನಿಂದಲೇ ತಿರುಗುತ್ತದೆ. ಕರೆಂಟು ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ಮರ ಬಿದ್ದು ಲೈನು ಹರಿದು ಆರು ತಾಸು ಕರೆಂಟಿಲ್ಲದಿದ್ದರೆ ಮಧ್ಯಾಹ್ನ ಮೂರಕ್ಕೆ ಹೊತ್ತಬೇಕಾದ ಲೈಟು ಅಂದಿನಿಂದ ರಾತ್ರಿ ಒಂಬತ್ತಕ್ಕೆ ಹೊತ್ತುತ್ತದೆ. ಶಿರಸಿ, ಸಿದ್ದಾಪುರದ ಜುಲೈಯಲ್ಲಿ ಇಂಥ ಟೈಮರ್ ವಾರದೊಳಗೆ ಹಗಲು ರಾತ್ರಿ ಅದಲುಬದಲು ಮಾಡಿಬಿಡುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ, ಅದರ ಗಡಿಯಾರ ನಡೆಯುತ್ತಲೇ ಇರುತ್ತದೆ. ವೈಫೈ ಸ್ಮಾರ್ಟ್ ಪ್ಲಗ್ ಆದರೆ ಕರೆಂಟು ಮರಳಿದಾಗ ಅದು ಆರಿದ ಸ್ಥಿತಿಯಲ್ಲಿರಬೇಕೋ ಹಿಂದಿನ ಸ್ಥಿತಿಯಲ್ಲೋ ಎಂಬ ಸೆಟ್ಟಿಂಗ್ ನೋಡಿಕೊಳ್ಳಿ.

ಇನ್ವರ್ಟರ್ ಇದ್ದರೆ ಅದಕ್ಕೆ ಕೊಡಬೇಕಾದ್ದು ಫಿಲ್ಟರ್ ಮತ್ತು ಗಾಳಿಯ ಪಂಪು, ಲೈಟಲ್ಲ. ಗಿಡಗಳು ಎರಡು ಮೂರು ದಿನ ಕತ್ತಲಲ್ಲಿ ತಾಳುತ್ತವೆ, ಮೀನಿಗೆ ಆಮ್ಲಜನಕ ಹಾಗೆ ಕಾಯುವುದಿಲ್ಲ. ಸಿಲಿಂಡರ್ ಇಟ್ಟವರು ಇದನ್ನು ವಿಶೇಷವಾಗಿ ಗಮನಿಸಿ: ಸಿಲಿಂಡರಿನ ಸಾಮಾನ್ಯ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಕರೆಂಟು ಹೋದೊಡನೆ ಕಾರ್ಬನ್ ಡೈಆಕ್ಸೈಡ್ ಮುಚ್ಚುತ್ತದೆ. ಆಗ ಲೈಟು ಮಾತ್ರ ಇನ್ವರ್ಟರಿನಲ್ಲಿ ಉರಿಯುತ್ತಿದ್ದರೆ ಪ್ರಖರ ಬೆಳಕಿದ್ದು ಇಂಗಾಲವಿಲ್ಲದ ಸ್ಥಿತಿ. ಕಪ್ಪು ಗಡ್ಡದಂಥ ಪಾಚಿ ಹುಟ್ಟಲು ಇಂಥ ಏರುಪೇರು ಸಾಕು. ಎರಡೂ ಒಂದೇ ಲೈನಿನಲ್ಲಿ ಇರಲಿ, ಒಟ್ಟಿಗೇ ಆರಲಿ.

ಕರೆಂಟಿಲ್ಲದೆ ತಪ್ಪಿಹೋದ ತಾಸುಗಳನ್ನು ಮರುದಿನ ಸೇರಿಸಿ ಕೊಡಲು ಹೋಗಬೇಡಿ.

ಹೊತ್ತು ಯಾವುದು? ನೀವು ಮನೆಯಲ್ಲಿದ್ದು ನೋಡುವ ಹೊತ್ತು. ಮಧ್ಯಾಹ್ನ 2ರಿಂದ ರಾತ್ರಿ 9, ಅಥವಾ ಬೆಳಿಗ್ಗೆ ಮೂರು ತಾಸು, ಮಧ್ಯೆ ಬಿಡುವು, ಸಂಜೆ ನಾಲ್ಕು ತಾಸು. ಒಂದು ವಿಶೇಷ ಸಂದರ್ಭ ಮಾತ್ರ ಹೇಳಬೇಕು. ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ರೆಕ್ಕೆ ಬಂದ ಗೆದ್ದಲು ಹುಳ ದೀಪಕ್ಕೆ ಮುತ್ತುತ್ತವಲ್ಲ, ತೆರೆದ ಟ್ಯಾಂಕಿನೊಳಗೆ ಬೊಗಸೆಗಟ್ಟಲೆ ಬೀಳುತ್ತವೆ. ಮೀನು ತಿಂದಷ್ಟು ತಿಂದು ಉಳಿದದ್ದು ಕೊಳೆತು ನೀರು ಕೆಡುತ್ತದೆ. ಆ ಒಂದೆರಡು ವಾರ ಲೈಟು ಮುಸ್ಸಂಜೆಗೆ ಮೊದಲೇ ಆರುವಂತೆ ಇಟ್ಟುಕೊಳ್ಳಿ.

ಹೆಜ್ಜೆ 9: ಮೊದಲ ಎರಡು ತಿಂಗಳು

ಹೊಸ ಟ್ಯಾಂಕಿಗೆ ದಿನಕ್ಕೆ 6 ತಾಸು. ಡಿಮ್ಮರ್ ಇದ್ದರೆ ಅರ್ಧಕ್ಕೆ ಇಡಿ. ಬೇರು ಹಿಡಿಯದ ಗಿಡಕ್ಕೆ ಹೆಚ್ಚಿನ ಬೆಳಕನ್ನು ಬಳಸುವ ಶಕ್ತಿ ಇರುವುದಿಲ್ಲ. ಈ ಅವಧಿಯಲ್ಲಿ ಗಾಜಿಗೂ ಎಲೆಗೂ ಕಂದು ಹುಡಿಯಂಥದ್ದು ಹಿಡಿಯುತ್ತದೆ. ಅದು ಡಯಾಟಮ್ ಎಂಬ ಕಂದು ಪಾಚಿ, ಹೊಸ ಟ್ಯಾಂಕಿನ ಸಹಜ ಹಂತ, ಒರೆಸಿದರೆ ಹೋಗುತ್ತದೆ, ಕೆಲವು ವಾರಗಳಲ್ಲಿ ತಾನೇ ನಿಲ್ಲುತ್ತದೆ. ಕ್ರಿಪ್ಟೊಕೊರೈನ್‌ಗಳ ಎಲೆ ಕರಗಿಹೋದರೂ ಬುಡ ಕೀಳಬೇಡಿ, ಹೊಸ ಎಲೆ ಬರುತ್ತದೆ.

ಮೂರನೇ ವಾರದ ಹೊತ್ತಿಗೆ ಹೊಸ ಎಲೆ ಕಾಣಿಸಿದರೆ ವಾರಕ್ಕೆ ಅರ್ಧ ತಾಸಿನಂತೆ ಏರಿಸುತ್ತಾ 8 ತಾಸಿಗೆ ನಿಲ್ಲಿಸಿ. ಅದರಾಚೆ ಹೋಗುವ ಕಾರಣ ನನಗೆ ಕಂಡಿಲ್ಲ. ಒಮ್ಮೆಗೆ ಒಂದನ್ನೇ ಬದಲಿಸಿ: ತಾಸು ಏರಿಸಿದ ವಾರ ಪ್ರಖರತೆ ಮುಟ್ಟಬೇಡಿ, ಹೊಸ ಗೊಬ್ಬರ ಹಾಕಬೇಡಿ. ಇಲ್ಲದಿದ್ದರೆ ಪಾಚಿ ಬಂದಾಗ ಯಾವುದರಿಂದ ಬಂತು ಅಂತ ತಿಳಿಯುವುದೇ ಇಲ್ಲ.

ಹೆಜ್ಜೆ 10: ಗಿಡ ನೋಡಿ ಬೆಳಕು ತಿದ್ದುವುದು

ಕಾಂಡದ ಗಿಡವೊಂದನ್ನು ಹತ್ತಿರದಿಂದ ನೋಡಿ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗುತ್ತಾ, ಕೆಳಗಿನ ಎಲೆ ಉದುರುತ್ತಾ, ತುದಿ ಮಾತ್ರ ಹಸಿರಾಗಿ ಮೇಲ್ಮೈಯತ್ತ ಓಡುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ನೆಲದಲ್ಲಿ ಹರಡಬೇಕಾದ ಕಾರ್ಪೆಟ್ ಗಿಡ ಎದ್ದು ನಿಂತರೂ ಅದೇ ದೂರು. ಕೆಂಪು ಗಿಡದ ಹೊಸ ಎಲೆ ಹಸಿರಾಗಿ ಬಂದರೂ ಬೆಳಕಿನ ಕೊರತೆಯ ಅನುಮಾನ ಸರಿ.

ಬೆಳಕು ಹೆಚ್ಚಾದ ಸುಳಿವು ಮೊದಲು ಅನುಬಿಯಾಸ್ ಎಲೆಯ ಮೇಲೆ ಸಿಗುತ್ತದೆ. ಅದು ನಿಧಾನ ಬೆಳೆಯುವ ಗಿಡ, ಒಂದೇ ಎಲೆ ತಿಂಗಳುಗಟ್ಟಲೆ ಇರುತ್ತದೆ, ಹಾಗಾಗಿ ಗಟ್ಟಿ ಹಸಿರು ಚುಕ್ಕೆಗಳು ಅದರ ಮೇಲೆ ಕೂರುತ್ತವೆ. ಉಗುರಿನಿಂದ ಕೆರೆದರೂ ಬರುವುದಿಲ್ಲ. ಆಗ ಆ ಗಿಡವನ್ನು ದೊಡ್ಡ ಗಿಡದ ನೆರಳಿಗೆ ಸರಿಸಿ, ಇಲ್ಲವೇ ತಾಸು ಕಡಿಮೆ ಮಾಡಿ. ನೂಲಿನಂಥ ಹಸಿರು ಪಾಚಿ ಬಂದರೆ ಕೈಯಿಂದ ಸುತ್ತಿ ತೆಗೆದು, ಪ್ರಖರತೆಯನ್ನು ಕಾಲುಭಾಗ ಇಳಿಸಿ. ನೀರೇ ಹಸಿರಾದರೆ ಬಿಸಿಲು ಎಲ್ಲಿಂದಲೋ ತಾಗುತ್ತಿರಬಹುದು, ಅಥವಾ ಮೀನಿಗೆ ಆಹಾರ ಹೆಚ್ಚಾಗಿದೆ. ಮೂರು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಮುಚ್ಚಿ ಪೂರ್ಣ ಕತ್ತಲು ಮಾಡಿ, ಗಾಳಿಯ ಪಂಪು ನಡೆಯುತ್ತಿರಲಿ, ಆಮೇಲೆ ಅರ್ಧ ನೀರು ಬದಲಿಸಿ.

ಎಲೆ ಹಳದಿಯಾದದ್ದೆಲ್ಲ ಬೆಳಕಿನ ಕೊರತೆಯಲ್ಲ ಅನ್ನುವುದನ್ನು ನಮ್ಮ ಕಡೆಯವರು ನೆನಪಿಡಬೇಕು. ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ತುಂಬಾ ಮೃದು, ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಹೊಸ ಎಲೆ ಸುರುಟಿ ಸಣ್ಣದಾಗಿ ಬಂದರೆ, ಹಳೇ ಎಲೆಯ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಲೈಟು ಹೆಚ್ಚಿಸಿ ಪ್ರಯೋಜನವಿಲ್ಲ, ಖನಿಜ ಕೊಡಬೇಕು. ಕಡಲಂಚಿನ ಬಾವಿ ಬೇಸಿಗೆಯಲ್ಲಿ ಉಪ್ಪಾದರೆ ಅದೇ ಗಿಡಗಳು ಇನ್ನೊಂದು ರೀತಿ ಸೊರಗುತ್ತವೆ. ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಒಂದನ್ನು ಇಟ್ಟುಕೊಂಡರೆ ಈ ಗೊಂದಲ ಬಗೆಹರಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಟ್ಯಾಂಕುಗಳ ನೀರು 30 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿನೀರಲ್ಲಿ ಆಮ್ಲಜನಕವೂ ಕಾರ್ಬನ್ ಡೈಆಕ್ಸೈಡೂ ಕಡಿಮೆ ಕರಗುತ್ತವೆ, ಗಿಡದ ಉಸಿರಾಟ ಮಾತ್ರ ಹೆಚ್ಚುತ್ತದೆ. ಆ ಎರಡು ತಿಂಗಳು ಬೆಳಕನ್ನು 6 ತಾಸಿಗೆ ಇಳಿಸಿ, ಲೈಟನ್ನು ನಾಲ್ಕಿಂಚು ಎತ್ತಿ, ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡಿ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಇದರ ಅವಸರ ಕಡಿಮೆ. ಮಳೆ ಹಿಡಿದು ನೀರು ತಂಪಾದ ಮೇಲೆ ಮತ್ತೆ ವಾರಕ್ಕೆ ಅರ್ಧ ತಾಸಿನಂತೆ 8ಕ್ಕೆ ಏರಿಸಿಕೊಳ್ಳಿ.

ಎಲ್‌ಇಡಿ ಹಠಾತ್ತನೆ ಸಾಯುವುದಕ್ಕಿಂತ ವರ್ಷಗಳಲ್ಲಿ ನಿಧಾನ ಮಂಕಾಗುತ್ತದೆ, ಕಣ್ಣು ಹೊಂದಿಕೊಂಡು ಬಿಡುವುದರಿಂದ ಗೊತ್ತೇ ಆಗುವುದಿಲ್ಲ. ಲೈಟು ಹೊಸದಿದ್ದಾಗ ಒಮ್ಮೆ ಮುಚ್ಚಳದ ಗಾಜಿನ ಮೇಲೂ ಫೋನಿಟ್ಟು ಲಕ್ಸ್ ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ, ಗಾಜನ್ನೂ ಲೈಟಿನ ಮುಖವನ್ನೂ ಒರೆಸಿದ ಮೇಲೆ, ಅದೇ ಜಾಗದಲ್ಲಿ ಅದೇ ಫೋನಿಟ್ಟು ಮತ್ತೆ ಅಳೆಯಿರಿ. ಮೊದಲಿನದರ ಮುಕ್ಕಾಲಿಗಿಂತ ಕೆಳಗಿಳಿದಿದ್ದರೆ, ಗಿಡವೂ ಬೆಳಕು ಸಾಲದೆ ಉದ್ದಕ್ಕೆ ಓಡುತ್ತಿದ್ದರೆ ಲೈಟು ಬದಲಿಸಿ. ಹೊಸ ಲೈಟು ಹಾಕಿದ ದಿನ ಮತ್ತೆ 6 ತಾಸಿನಿಂದಲೇ ಶುರುಮಾಡಿ.